ಮನೆ ತೆರೆದವರು, ಬುತ್ತಿ ಕಟ್ಟಿದವರು: ಆದಿ ಕ್ರೈಸ್ತ ಸಭೆಯ ಪೋಷಕಿಯರು



ಕ್ರಿ.ಶ. 303ರ ಮೇ 19. ಉತ್ತರ ಆಫ್ರಿಕದ ಕಿರ್ತ ಎಂಬ ರೋಮನ್ ಪಟ್ಟಣ, ಅಂದರೆ ಇಂದಿನ ಅಲ್ಜೀರಿಯದ ಕಾನ್‌ಸ್ಟಂಟೈನ್ ನಗರ. ಕ್ರೈಸ್ತರ ಸಭಾಮಂದಿರಗಳನ್ನು ಕೆಡವಿ ಗ್ರಂಥಗಳನ್ನು ಸುಡಬೇಕೆಂದು ಚಕ್ರವರ್ತಿ ಡಯೋಕ್ಲೀಷಿಯನ್ ಹೊರಡಿಸಿದ ಆಜ್ಞೆ ಆ ಊರನ್ನೂ ಮುಟ್ಟಿತ್ತು. ಊರಿನ ಅಧಿಕಾರಿ ಗುಮಾಸ್ತರನ್ನು ಕರೆದುಕೊಂಡು ಕ್ರೈಸ್ತರು ಕೂಡುತ್ತಿದ್ದ ಮನೆಗೆ ಹೋದ; ಸಿಕ್ಕಿದ್ದನ್ನೆಲ್ಲ ಎಣಿಸಿ ಬರೆಸಿದ. ನಾವು ಮಹಜರು ಅನ್ನುತ್ತೇವಲ್ಲ, ಅದೇ. ಚಿನ್ನದ ಬಟ್ಟಲು 2, ಬೆಳ್ಳಿಯ ಬಟ್ಟಲು 6, ಒಂದಷ್ಟು ದೀಪಗಳು. ಆಮೇಲೆ ಬಟ್ಟೆಬರೆ: ಹೆಂಗಸರ ನಿಲುವಂಗಿ 82, ತಲೆವಸ್ತ್ರ 38, ಗಂಡಸರ ನಿಲುವಂಗಿ 16. ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ.

ಈ ಮಹಜರು ಉಳಿದದ್ದು 320ರಲ್ಲಿ ನಡೆದ ಬೇರೊಂದು ವಿಚಾರಣೆಯ ಕಡತದಲ್ಲಿ. ಅಷ್ಟೊಂದು ಹೆಂಗಸರ ಬಟ್ಟೆ ಅಲ್ಲಿ ಯಾಕಿತ್ತು? ಬಡವರಿಗೆ, ಮುಖ್ಯವಾಗಿ ಗಂಡ ತೀರಿಕೊಂಡ ಹೆಣ್ಣುಮಕ್ಕಳಿಗೆ ಹಂಚಲು ಕೂಡಿಟ್ಟದ್ದು ಎಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಆ ಕಾಲದ ದೊಡ್ಡ ದೊಡ್ಡ ತತ್ತ್ವಗ್ರಂಥಗಳನ್ನು ಎಷ್ಟು ತಿರುವಿಹಾಕಿದರೂ ಆ ಸಭೆಯಲ್ಲಿ ಹೆಂಗಸರು ಎಷ್ಟಿದ್ದರು, ಅವರ ಬದುಕು ಹೇಗಿತ್ತು ಎಂಬುದು ಇಷ್ಟು ನೇರವಾಗಿ ತಿಳಿಯುವುದಿಲ್ಲ. ಒಬ್ಬ ಗುಮಾಸ್ತನ ಎಣಿಕೆ ಅದನ್ನು ತಿಳಿಸಿಬಿಡುತ್ತದೆ.

ಇವತ್ತು ನಾನು ಮುಂದಿಡಬೇಕೆಂದಿರುವ ಮಾತು ಇದು. ಆದಿ ಕ್ರೈಸ್ತ ಚಳವಳಿ ನಿಂತದ್ದು ಹೆಂಗಸರ ಹಣ, ಹೆಂಗಸರ ಮನೆ, ಹೆಂಗಸರ ದುಡಿಮೆಯ ಮೇಲೆ. ಅವರನ್ನು ಹುಡುಕಬೇಕಾದದ್ದು ಪಟ್ಟಿಗಳಲ್ಲಿ: ವಂದನೆಯ ಪಟ್ಟಿ, ಖರ್ಚಿನ ಪಟ್ಟಿ, ಜಪ್ತಿಯ ಪಟ್ಟಿ, ನೆಲಗಲ್ಲಿನ ಮೇಲೆ ಬರೆದ ದಾನಿಗಳ ಪಟ್ಟಿ. ಮೊದಮೊದಲು ಕೊಟ್ಟವರಿಗೆ ಸಭೆಯಲ್ಲಿ ಮಾತೂ ಇತ್ತು. ಬರಬರುತ್ತ ಸಭೆ ಅವರ ಕೊಡುಗೆಯನ್ನು ಇಟ್ಟುಕೊಂಡು ಮಾತನ್ನು ಕಿತ್ತುಕೊಂಡಿತು.

ಗಲಿಲಾಯದಿಂದಲೇ ಶುರುಮಾಡೋಣ. ಯೇಸು ಹನ್ನೆರಡು ಮಂದಿ ಶಿಷ್ಯರೊಡನೆ ಊರೂರು ತಿರುಗುತ್ತಿದ್ದಾಗ ಜೊತೆಗಿದ್ದ ಹೆಂಗಸರ ಹೆಸರನ್ನು ಲೂಕನು ತನ್ನ ಸುವಾರ್ತೆಯ 8ನೆಯ ಅಧ್ಯಾಯದ ಆರಂಭದಲ್ಲೇ ಕೊಡುತ್ತಾನೆ: ಮಗ್ದಲದ ಮರಿಯ, ಹೆರೋದನ ಪಾರುಪತ್ಯಗಾರ ಕೂಜನ ಹೆಂಡತಿ ಯೊಹಾನ್ನ, ಸುಸನ್ನ, ಇನ್ನೂ ಅನೇಕರು. ಇವರು ತಮ್ಮ ಸ್ವಂತ ಆಸ್ತಿಯಿಂದ ಆ ತಂಡವನ್ನು ಸಾಕುತ್ತಿದ್ದರು. ಇದನ್ನು ಓದಿ ಮುಂದೆ ಹೋಗುವುದು ಸುಲಭ. ಸ್ವಲ್ಪ ನಿಂತು ನೋಡಬೇಕು. ಬಲೆ, ದೋಣಿ, ಸುಂಕದಕಟ್ಟೆ ಎಲ್ಲ ಬಿಟ್ಟು ಬಂದ ಗಂಡಸರಿಗೆ ಸಂಪಾದನೆ ಎಲ್ಲಿಯದು? ದಿನವೂ ರೊಟ್ಟಿಗೆ ಹಿಟ್ಟು, ಎಣ್ಣೆ, ಉಪ್ಪುಹಾಕಿದ ಮೀನು, ರಾತ್ರಿ ಮಲಗಲು ಜಾಗ, ಇಷ್ಟನ್ನಾದರೂ ಯಾರೋ ಒಬ್ಬರು ಹೊಂದಿಸಲೇಬೇಕು.

ಯೊಹಾನ್ನಳ ವಿಷಯವಂತೂ ಬಹಳ ಕುತೂಹಲಕರ. ಅವಳ ಗಂಡ ಕೆಲಸಮಾಡುತ್ತಿದ್ದುದು ಗಲಿಲಾಯವನ್ನು ಆಳುತ್ತಿದ್ದ ಹೆರೋದ ಅಂತಿಪನ ಬಳಿ. ಸ್ನಾನಿಕನಾದ ಯೋಹಾನನ ತಲೆ ತೆಗೆಸಿದವನು ಇದೇ ಹೆರೋದ. ಗಲಿಲಾಯ ಸಮುದ್ರದ ದಂಡೆಯಲ್ಲಿ ತಿಬೇರಿಯ ಎಂಬ ಹೊಸ ರಾಜಧಾನಿ ಕಟ್ಟಿಸಿ, ಅದಕ್ಕೆ ಬೇಕಾದ ಹಣವನ್ನು ರೈತರಿಂದಲೂ ಬೆಸ್ತರಿಂದಲೂ ತೆರಿಗೆಯಾಗಿ ಎತ್ತುತ್ತಿದ್ದವನು. ಅಂಥ ಅರಮನೆಯ ಲೆಕ್ಕಪತ್ರ ನೋಡುವವನ ಹೆಂಡತಿ, ಆ ಅರಮನೆಯ ಕಣ್ಣಿಗೆ ಬಿದ್ದರೆ ಅಪಾಯ ಎನ್ನುವಂಥ ಗುಂಪಿಗೆ ಹಣ ಕೊಡುತ್ತಿದ್ದಳು. ಬೆಸ್ತರ ಬೆವರಿನ ದುಡ್ಡಿನಲ್ಲಿ ಒಂದು ಪಾಲಾದರೂ ಯೊಹಾನ್ನಳ ಕೈಯಿಂದ ಬೆಸ್ತರ ಬಳಿಗೇ ವಾಪಸು ಬಂದಿರಬಹುದು. ಇದಕ್ಕೆ ಎಂಥ ಎದೆಗಾರಿಕೆ ಬೇಕಾಗಿತ್ತು ಎಂಬುದನ್ನು ಲೂಕ ಬಿಡಿಸಿ ಹೇಳುವುದಿಲ್ಲ. ಹೆಸರಿನ ಜೊತೆಗೆ ಗಂಡನ ಉದ್ಯೋಗವನ್ನೂ ಬರೆದಿಟ್ಟಿದ್ದಾನೆ. ಬಲ್ಲವರಿಗೆ ಅಷ್ಟು ಸಾಕು.

ಆ ಕಾಲದ ಯೆಹೂದಿ ಹೆಂಗಸಿಗೆ ಸ್ವಂತ ಆಸ್ತಿ ಎಲ್ಲಿಂದ ಬಂತು ಎಂದು ಕೇಳುವವರುಂಟು. 1961ರಲ್ಲಿ ಮೃತಸಮುದ್ರದ ಬಳಿಯ ಗವಿಯೊಂದರಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಬಾಬತ ಎಂಬ ಹೆಣ್ಣುಮಗಳ ಕಾಗದಪತ್ರಗಳ ಗಂಟು ಸಿಕ್ಕಿತು. ಅವಳ ಕಾಲ ಸ್ವಲ್ಪ ಈಚಿನದು, ಎರಡನೆಯ ಶತಮಾನದ ಆರಂಭ. ಖರ್ಜೂರದ ತೋಟಗಳ ಒಡತಿ ಅವಳು; ಕ್ರಿ.ಶ. 128ರಲ್ಲಿ ತನ್ನ ಗಂಡನಿಗೇ 300 ದಿನಾರಿ ಕೊಟ್ಟು ಪತ್ರ ಬರೆಸಿಕೊಂಡಿದ್ದಳು. ತವರಿನಿಂದ ಬಂದದ್ದು, ಮದುವೆಯ ಒಪ್ಪಂದದಿಂದ ಬಂದದ್ದು, ಗಂಡ ಸತ್ತ ಮೇಲೆ ಉಳಿದದ್ದು, ಇವೆಲ್ಲ ಹೆಂಗಸಿನ ಕೈಯಲ್ಲಿರುತ್ತಿದ್ದ ಕಾಲ ಅದು. ಎಲ್ಲರ ಕೈಯಲ್ಲೂ ಇರಲಿಲ್ಲ, ನಿಜ. ಇದ್ದವರು ಅದನ್ನು ಎಲ್ಲಿ ಹಾಕಿದರು ಎಂಬುದು ನಮ್ಮ ಪ್ರಶ್ನೆ.

ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ಗಲಿಲಾಯದಿಂದಲೂ ಹೆಂಗಸರು ಯೇಸುವಿನ ಹಿಂದೆ ಬಂದು ಸೇವೆಮಾಡುತ್ತಿದ್ದರು ಎಂಬ ಸುದ್ದಿಯನ್ನು ಆತ 15ನೆಯ ಅಧ್ಯಾಯದವರೆಗೆ ಹೇಳುವುದೇ ಇಲ್ಲ. ಗಂಡಸರೆಲ್ಲ ಓಡಿಹೋಗಿ, ಶಿಲುಬೆಯ ಬಳಿ ಸಾಕ್ಷಿಗೆ ಯಾರೂ ಇಲ್ಲದಾಗ ಮಗ್ದಲದ ಮರಿಯ, ಯಾಕೋಬ ಯೋಸೆಯರ ತಾಯಿ ಮರಿಯ, ಸಲೋಮೆ ಈ ಹೆಸರುಗಳು ಬರುತ್ತವೆ. ಅಲ್ಲಿಯವರೆಗಿನ ಪ್ರತಿ ಊಟದಲ್ಲೂ ಪ್ರತಿ ಪಯಣದಲ್ಲೂ ಅವರಿದ್ದರು ಎಂದು ಆಗ ನಮಗೆ ಹೊಳೆಯಬೇಕು; ಮೊದಲ ಪುಟಕ್ಕೆ ಮರಳಿ ಮತ್ತೊಮ್ಮೆ ಓದಬೇಕು.

ಮಗ್ದಲದ ಮರಿಯಳಿಗೆ ಆದ ಅನ್ಯಾಯವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಅವಳು ವೇಶ್ಯೆಯಾಗಿದ್ದಳು ಎಂದು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. 591ರಲ್ಲಿ ಪೋಪ್ ಗ್ರೆಗರಿ ಒಂದು ಪ್ರಸಂಗದಲ್ಲಿ ಅವಳನ್ನೂ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸನ್ನೂ ಬೇಥಾನ್ಯದ ಮರಿಯಳನ್ನೂ ಒಬ್ಬಳನ್ನೇ ಮಾಡಿಬಿಟ್ಟರು. ಚಿತ್ರಕಾರರೂ ಕಥೆಗಾರರೂ ಅದನ್ನೇ ಹಿಡಿದರು. ರೋಮನ್ ಕಥೋಲಿಕ ಸಭೆ ತನ್ನ ಪಂಚಾಂಗದಲ್ಲಿ ಇದನ್ನು ಸರಿಪಡಿಸಿದ್ದು 1969ರಲ್ಲಿ. ಜುಲೈ 22ರ ಅವಳ ಸ್ಮರಣೆಗೆ ಅಪೊಸ್ತಲರ ಹಬ್ಬಗಳ ಸಮಾನ ಸ್ಥಾನ ಸಿಕ್ಕಿದ್ದು 2016ರಲ್ಲಿ. ಯೇಸುವಿನ ತಂಡಕ್ಕೆ ಹಣ ಒದಗಿಸಿದ, ಪುನರುತ್ಥಾನದ ಸುದ್ದಿಯನ್ನು ಮೊದಲು ತಂದ ಒಬ್ಬ ಗಟ್ಟಿ ಹೆಂಗಸನ್ನು ಪಶ್ಚಾತ್ತಾಪದ ಕಣ್ಣೀರಿನ ಗೊಂಬೆ ಮಾಡಿ ಹದಿನಾಲ್ಕು ಶತಮಾನ ನಿಲ್ಲಿಸಿದ್ದು ಸಣ್ಣ ತಪ್ಪಲ್ಲ.

ಗಲಿಲಾಯದ ಹಳ್ಳಿಗಾಡನ್ನು ದಾಟಿ ಚಳವಳಿ ಪಟ್ಟಣಗಳಿಗೆ ಬಂದಾಗ ಅದಕ್ಕೆ ಗುಡಿಯಿರಲಿಲ್ಲ, ಮಂದಿರವಿರಲಿಲ್ಲ. ಇದ್ದದ್ದು ಮನೆಗಳು. ಯೆರೂಸಲೇಮಿನಲ್ಲಿ ಮಾರ್ಕನೆನಿಸಿಕೊಳ್ಳುವ ಯೋಹಾನನ ತಾಯಿ ಮರಿಯಳ ಮನೆ. ಅದಕ್ಕೆ ಹೊರಬಾಗಿಲಿತ್ತು, ಬಾಗಿಲು ನೋಡಲು ರೋದೆ ಎಂಬ ದಾಸಿಯಿದ್ದಳು. ಸೆರೆಯಿಂದ ಬಿಡಿಸಿಕೊಂಡು ಬಂದ ಶಿಷ್ಯ ಪೇತ್ರನ ದನಿ ಗುರುತಿಸಿ, ಸಂತೋಷದಲ್ಲಿ ಬಾಗಿಲು ತೆಗೆಯುವುದನ್ನೇ ಮರೆತು ಒಳಗೆ ಓಡಿದವಳು ಅವಳು. ಲವೊದಿಕೀಯದ ಕಡೆ ನುಂಫಳ ಮನೆ. ಕೊರಿಂಥದ ಜಗಳದ ಸುದ್ದಿ ಅಪೊಸ್ತಲ ಪೌಲನಿಗೆ ಮುಟ್ಟಿಸಿದವರು ಕ್ಲೊಯೆಯ ಮನೆಯವರು. ಯೊಪ್ಪದಲ್ಲಿ ತಬಿಥ, ಗ್ರೀಕರ ಬಾಯಲ್ಲಿ ದೊರ್ಕ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತ ಪೇತ್ರನ ಸುತ್ತ ನಿಂತು, ಅವಳು ತಮಗಾಗಿ ಹೊಲಿದುಕೊಟ್ಟಿದ್ದ ಅಂಗಿಗಳನ್ನು ಎತ್ತಿ ತೋರಿಸುತ್ತಾರೆ. ಹೊಸ ಒಡಂಬಡಿಕೆಯ ಅತ್ಯಂತ ನಿಜವಾದ ಶೋಕದ ಚಿತ್ರಗಳಲ್ಲಿ ಇದೊಂದು ಎಂದು ನನಗೆ ಯಾವಾಗಲೂ ಅನ್ನಿಸಿದೆ. ಸತ್ತವಳ ಗುಣಗಾನಕ್ಕೆ ಅವರ ಹತ್ತಿರ ಇದ್ದದ್ದು ಮೈಮೇಲಿನ ಬಟ್ಟೆ.

ಫಿಲಿಪ್ಪಿಗೆ ಬರೋಣ. ಮಕೆದೋನ್ಯದ ಈ ಊರು ರೋಮನ್ ವಸಾಹತು, ಎಗ್ನಾತಿಯ ಹೆದ್ದಾರಿಯ ಮೇಲಿನ ನಿಲುಗಡೆ. ಸುಮಾರು ಕ್ರಿ.ಶ. 50ರಲ್ಲಿ ಪೌಲ ಅಲ್ಲಿಗೆ ಬಂದಾಗ ಸಬ್ಬತ್ ದಿನ ಪ್ರಾರ್ಥನೆಗೆ ಸೇರುತ್ತಿದ್ದ ಜಾಗವನ್ನು ಹುಡುಕಿಕೊಂಡು ಊರಬಾಗಿಲಾಚೆ ನದಿಯ ದಂಡೆಗೆ ಹೋದ. ಅಲ್ಲಿ ಕೂತಿದ್ದವರು ಹೆಂಗಸರು. ಅವರಲ್ಲಿ ಒಬ್ಬಳು ಲುದ್ಯ, ಥುವತೈರದವಳು, ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ. ಆ ಬಣ್ಣದ ವ್ಯಾಪಾರವೆಂದರೆ ಶ್ರೀಮಂತರ ಜೊತೆಗಿನ ವ್ಯಾಪಾರ. ಸಮುದ್ರದ ಶಂಖಹುಳುವಿನಿಂದ ತೆಗೆಯುವ ಅಸಲಿ ಬಣ್ಣ ಎಷ್ಟು ದುಬಾರಿಯೆಂದರೆ, 1909ರಲ್ಲಿ ಪೌಲ್ ಫ್ರೀಡ್‌ಲೆಂಡರ್ ಎಂಬ ರಸಾಯನವಿಜ್ಞಾನಿಗೆ 12,000 ಹುಳುಗಳಿಂದ ಸಿಕ್ಕಿದ್ದು 1.4 ಗ್ರಾಂ. ಥುವತೈರವೋ ಒಳನಾಡಿನ ಊರು; ಅಲ್ಲಿ ಬಣ್ಣಗಾರರ ಸಂಘವಿತ್ತೆಂದು ಶಾಸನಗಳು ಹೇಳುತ್ತವೆ. ಆದ್ದರಿಂದ ಲುದ್ಯ ಮಾರುತ್ತಿದ್ದುದು ಮಂಜಿಷ್ಠದ ಬೇರಿನಿಂದ ಮಾಡಿದ ಬಣ್ಣದ ಬಟ್ಟೆಯಾಗಿತ್ತು ಎಂಬ ಊಹೆ ನನಗೆ ಸರಿಯೆನ್ನಿಸುತ್ತದೆ. ಹೇಗಿದ್ದರೂ ಬಂಡವಾಳ ಹಾಕಿ, ಸರಕು ತರಿಸಿ, ದೂರದ ಊರಿನಲ್ಲಿ ಸ್ವಂತ ಮನೆ ನಡೆಸುತ್ತಿದ್ದ ಹೆಂಗಸು. ಗಂಡನ ಪ್ರಸ್ತಾಪವಿಲ್ಲ. ಅವಳೂ ಮನೆಯವರೂ ದೀಕ್ಷಾಸ್ನಾನ ಮಾಡಿಸಿಕೊಂಡ ಮೇಲೆ ಪೌಲನ ತಂಡವನ್ನು ತನ್ನ ಮನೆಗೆ ಬಲವಂತ ಮಾಡಿ ಕರೆದೊಯ್ದಳು. ಪೌಲ ಸೆರೆಯಿಂದ ಹೊರಬಂದ ಮೇಲೆ ನೇರ ಹೋದದ್ದೂ ಅವಳ ಮನೆಗೇ.

ಮುಂದಿನದನ್ನು ಲೆಕ್ಕದ ಕಣ್ಣಿನಿಂದ ನೋಡಿ. ಪೌಲ ಸ್ವಾಭಿಮಾನಿ. ಕೊರಿಂಥದವರಿಂದ ಹಣ ಮುಟ್ಟಲಿಲ್ಲ; ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡೆ ಎಂಬ ಹೆಮ್ಮೆ ಅವನಿಗೆ. ಆದರೆ ಫಿಲಿಪ್ಪಿಯವರಿಗೆ ಬರೆದ ಪತ್ರದ ಕೊನೆಗೆ, ಕೊಡುವ ತೆಗೆದುಕೊಳ್ಳುವ ವಿಷಯದಲ್ಲಿ ತನ್ನೊಡನೆ ಪಾಲುಗೊಂಡ ಸಭೆ ನಿಮ್ಮದೊಂದೇ, ಥೆಸಲೊನೀಕದಲ್ಲಿದ್ದಾಗಲೂ ಎರಡು ಸಲ ಕಳಿಸಿದಿರಿ ಎಂದು ಒಪ್ಪಿಕೊಳ್ಳುತ್ತಾನೆ. ಅವನು ಕೈಚಾಚಿ ಹಣ ತೆಗೆದುಕೊಂಡ ಆ ಒಂದು ಸಭೆ ಹುಟ್ಟಿದ್ದು ನದಿಯ ದಂಡೆಯ ಹೆಂಗಸರ ಗುಂಪಿನಲ್ಲಿ, ಬೆಳೆದದ್ದು ವ್ಯಾಪಾರಿ ಹೆಂಗಸಿನ ಮನೆಯಲ್ಲಿ. ಅದೇ ಪತ್ರದಲ್ಲಿ ಯುವೊದ್ಯ, ಸುಂತುಕೆ ಎಂಬ ಇಬ್ಬರು ಹೆಂಗಸರ ಮನಸ್ತಾಪ ಪರಿಹಾರವಾಗಲಿ ಎಂದು ಬಹಿರಂಗವಾಗಿ ಬೇಡಿಕೊಳ್ಳುತ್ತಾನೆ; ಅವರು ಸುವಾರ್ತೆಯ ಕೆಲಸದಲ್ಲಿ ತನ್ನ ಜೊತೆ ಹೋರಾಡಿದವರು ಎನ್ನುತ್ತಾನೆ. ಇಬ್ಬರು ಹೆಂಗಸರ ಭಿನ್ನಾಭಿಪ್ರಾಯ ಇಡೀ ಸಭೆಗೆ ಬರೆದ ಪತ್ರದಲ್ಲಿ ಬರಬೇಕಾದರೆ ಅವರ ಮಾತಿಗೆ ಅಲ್ಲಿ ಎಷ್ಟು ತೂಕವಿದ್ದಿರಬೇಕು!

ಕೊರಿಂಥಕ್ಕೆ ಎರಡು ಬಂದರು. ಪೂರ್ವದ್ದು ಕೆಂಖ್ರೆಯ, ಎಫೆಸದಿಂದ, ಸಿರಿಯದಿಂದ ಬರುವ ಹಡಗುಗಳು ಲಂಗರು ಹಾಕುತ್ತಿದ್ದುದು ಅಲ್ಲಿ. ಅಲ್ಲಿನ ಸಭೆಯ ಸೇವಕಿ, ಅಂದರೆ ಮುಂದೆ ಡೀಕನ್ ಎಂದು ಕರೆಸಿಕೊಂಡ ಅದೇ ಹುದ್ದೆಯ ಹೆಸರಿನವಳು, ಫೊಯಿಬೆ. ಪೌಲ ಸುಮಾರು ಕ್ರಿ.ಶ. 57ರಲ್ಲಿ ರೋಮಿನವರಿಗೆ ಬರೆದ ಪತ್ರದ 16ನೆಯ ಅಧ್ಯಾಯ ಅವಳ ಪರಿಚಯದಿಂದಲೇ ಶುರುವಾಗುತ್ತದೆ. ಅವಳು ಅನೇಕರಿಗೆ ಆಶ್ರಯದಾತೆ, ನನಗೂ ಆಶ್ರಯದಾತೆ ಎನ್ನುತ್ತಾನೆ. ಅವಳಿಗೆ ಬೇಕಾದ ಸಹಾಯ ಮಾಡಿ ಎಂದು ಕೇಳಿಕೊಳ್ಳುತ್ತಾನೆ. ಆ ಪತ್ರವನ್ನು ರೋಮಿಗೆ ಒಯ್ದವಳು ಅವಳೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಸ್ಪೇನಿಗೆ ಹೋಗಬೇಕೆಂದಿದ್ದ ಪೌಲನಿಗೆ ರೋಮಿನವರ ಬೆಂಬಲ ಬೇಕಾಗಿತ್ತು. ಹಾಗಿದ್ದಾಗ ತನ್ನ ಬದುಕಿನ ಅತಿ ಮುಖ್ಯ ಪತ್ರವನ್ನು ಯಾರ ಕೈಗೆ ಕೊಟ್ಟ ಎಂಬುದು ಸಣ್ಣ ವಿಷಯವಲ್ಲ. ಒಯ್ದವರು ಓದಿ ಹೇಳಬೇಕು, ಅರ್ಥವಾಗದಿದ್ದರೆ ವಿವರಿಸಬೇಕು. ಆಗಿನ ರೂಢಿ ಅದು.

ಆಶ್ರಯದಾತೆ ಎಂದರೆ ಏನು? 1954ರಲ್ಲಿ ಕೊರಿಂಥದಲ್ಲೇ ಸಿಕ್ಕಿದ ಒಂದು ಶಾಸನ ಅದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಯೂನಿಯ ತಿಯೊದೋರ ಎಂಬ ಶ್ರೀಮಂತ ಮಹಿಳೆಗೆ ಲುಕ್ಯ ಪ್ರಾಂತದ ಪಟ್ಟಣಗಳು ಸಲ್ಲಿಸಿದ ಗೌರವ ಅದು; ಕಾಲ ಮೊದಲ ಶತಮಾನದ ಮಧ್ಯಭಾಗ, ಫೊಯಿಬೆಯ ಕಾಲ. ಕ್ರೈಸ್ತರಿಗೂ ಅದಕ್ಕೂ ಸಂಬಂಧವಿಲ್ಲ. ಲುಕ್ಯದಿಂದ ಬಂದವರನ್ನು ತನ್ನ ಮನೆಯಲ್ಲಿ ಇರಿಸಿಕೊಂಡಳು, ಅಧಿಕಾರಿಗಳ ಬಳಿ ಅವರ ಕೆಲಸ ಮಾಡಿಸಿಕೊಟ್ಟಳು ಎಂದು ಆ ಊರುಗಳು ಕೃತಜ್ಞತೆಯಿಂದ ಬರೆಸಿ ಅವಳಿಗೆ ಕಿರೀಟ ಕಳಿಸಿದವು. ರೋಮನ್ ಸಮಾಜದಲ್ಲಿ ಆಶ್ರಯ ಕೊಟ್ಟವರ ಮಾತು ನಡೆಯುತ್ತಿತ್ತು. ಪಡೆದವರು ಎದ್ದು ನಿಲ್ಲುತ್ತಿದ್ದರು. ಪೌಲನು ಫೊಯಿಬೆಯ ಮುಂದೆ ಪಡೆದವನ ಸ್ಥಾನದಲ್ಲಿ ನಿಂತು ಬರೆದಿದ್ದಾನೆ. ಅವಳನ್ನು ಬರೀ ಪರೋಪಕಾರಿ ಹೆಣ್ಣುಮಗಳು ಎಂದು ಓದುವವರು ಆ ಸಾಲನ್ನು ಅರ್ಧ ಓದಿದ್ದಾರೆ.

ಆ ಅಧ್ಯಾಯದ ಉಳಿದ ಭಾಗ ವಂದನೆಗಳ ಸಾಲು. ಪ್ರಸಂಗಗಳಲ್ಲಿ ಇದನ್ನು ಯಾರೂ ಓದುವುದಿಲ್ಲ, ಹೆಸರು ನಾಲಿಗೆಗೆ ತೊಡಕು. ಫೊಯಿಬೆಯೂ ಸೇರಿ ಹತ್ತು ಮಂದಿ ಹೆಂಗಸರಿದ್ದಾರೆ ಅಲ್ಲಿ. ಪ್ರಿಸ್ಕಳ ಹೆಸರು ಗಂಡ ಅಕ್ವಿಲನ ಹೆಸರಿಗಿಂತ ಮುಂದಿದೆ. ಈ ದಂಪತಿಗಳದು ಗುಡಾರದ ಕಸುಬು. ಕ್ಲೌದಿಯ ಚಕ್ರವರ್ತಿ ಸುಮಾರು 49ರಲ್ಲಿ ಯೆಹೂದ್ಯರನ್ನು ರೋಮಿನಿಂದ ಓಡಿಸಿದಾಗ ಕೊರಿಂಥಕ್ಕೆ ಬಂದರು, ಪೌಲನನ್ನು ಕಸುಬಿಗೆ ಸೇರಿಸಿಕೊಂಡರು, ಎಫೆಸಕ್ಕೆ ಹೋದರು, ಮತ್ತೆ ರೋಮಿಗೆ ಬಂದರು. ಹೋದಲ್ಲೆಲ್ಲ ಅವರ ಮನೆಯೇ ಸಭೆ. ಅಲೆಕ್ಸಾಂದ್ರಿಯದ ಮಹಾವಾಗ್ಮಿ ಅಪೊಲ್ಲೋಸನನ್ನು ಕರೆದು ಕೂರಿಸಿಕೊಂಡು ತಿದ್ದಿದವರಲ್ಲಿ ಪ್ರಿಸ್ಕ ಮೊದಲಿಗಳು. ಯೂನ್ಯಳನ್ನು ಪೌಲ ಅಪೊಸ್ತಲರ ನಡುವೆ ಹೆಸರುವಾಸಿ ಎನ್ನುತ್ತಾನೆ. ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮನು ಅವಳನ್ನು ಹೆಣ್ಣೆಂದೇ ತಿಳಿದು ಹೊಗಳಿದ್ದಾನೆ. ಆಮೇಲಿನ ಕೆಲವು ಪಂಡಿತರಿಗೆ ಅಪೊಸ್ತಲ ಹೆಣ್ಣಾಗಿರಲಾರಳು ಎನ್ನಿಸಿ ಅವಳನ್ನು ಗಂಡು ಮಾಡಿದರು. ಇನ್ನೊಂದು ಸಂಗತಿ. ಈ ಪಟ್ಟಿಯಲ್ಲಿ ಕಷ್ಟಪಟ್ಟು ದುಡಿದರು ಎಂದು ಪೌಲ ಹೇಳುವುದು ನಾಲ್ವರ ಬಗ್ಗೆ: ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ. ನಾಲ್ವರೂ ಹೆಂಗಸರು. ಪೆರ್ಸೀಸ ಎಂದರೆ ಪರ್ಷಿಯದವಳು. ದಾಸಿಯರಿಗೆ ಇಡುತ್ತಿದ್ದ ಹೆಸರು ಅದು. ಆಸ್ತಿಯಿಲ್ಲದವರು ಮೈಮುರಿದು ಕೊಟ್ಟರು.

ಈ ಆಸ್ತಿಯಿಲ್ಲದವರನ್ನು ಹೊರಗಿನವರ ಕಣ್ಣೂ ಕಂಡಿದೆ. ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಬರೆಯುತ್ತಾನೆ: ನಿಜ ಹೊರಡಿಸಲು ಸಭೆಯ ಸೇವಕಿಯರೆನಿಸಿಕೊಳ್ಳುವ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ, ಮೂಢನಂಬಿಕೆಯ ಹೊರತು ಏನೂ ಸಿಗಲಿಲ್ಲ. ಸಭೆಯ ಒಳಗಿನದನ್ನು ತಿಳಿಯಬೇಕಾದರೆ ಯಾರನ್ನು ಹಿಡಿಯಬೇಕೆಂದು ಪ್ಲಿನಿಗೆ ಗೊತ್ತಿತ್ತು. ಹೊಣೆ ಹೊತ್ತವರು ಆ ಇಬ್ಬರು. ಅವರ ಹೆಸರನ್ನು ಅವನು ಬರೆಯಲಿಲ್ಲ. ಅದೇ ಶತಮಾನದ ಕೊನೆಯ ಕಡೆ ಕೆಲ್ಸನೆಂಬ ತತ್ತ್ವಜ್ಞಾನಿ ಕ್ರೈಸ್ತ ಧರ್ಮವನ್ನು ಹೆಂಗಸರು, ದಾಸರು, ಮಕ್ಕಳ ಧರ್ಮವೆಂದು ಹೀಯಾಳಿಸಿದ. ಅವನು ಹೀಯಾಳಿಕೆಯಾಗಿ ಹೇಳಿದ್ದನ್ನು ಇವತ್ತಿನ ಇತಿಹಾಸಕಾರರು ಸಾಕ್ಷ್ಯವೆಂದು ಎತ್ತಿಕೊಂಡಿದ್ದಾರೆ.

203ರಲ್ಲಿ ಕಾರ್ಥೇಜಿನಲ್ಲಿ ಪ್ರಾಣಕೊಟ್ಟ ಪೆರ್ಪೆತುವ, ಫೆಲಿಸಿತಾಸರ ಕಥೆಯನ್ನು ನಾನು ಬೇಕೆಂದೇ ವಿಸ್ತರಿಸುತ್ತಿಲ್ಲ. ಸತ್ತ ಹೆಂಗಸರನ್ನು ಸಭೆ ಚೆನ್ನಾಗಿಯೇ ನೆನೆದಿದೆ. ಬದುಕಿದ್ದು, ಬೇಯಿಸಿ ಬಡಿಸಿ, ಹಣ ಹೊಂದಿಸಿದವರನ್ನು ನೆನೆಯುವುದು ಕಷ್ಟವಾಗಿದೆ.

ಅಂಥ ಒಬ್ಬಳು ಅಕೆಪ್ತೂಸ್. 2005ರಲ್ಲಿ ಇಸ್ರೇಲಿನ ಮೆಗಿದ್ದೋ ಸೆರೆಮನೆಯನ್ನು ವಿಸ್ತರಿಸಲು ನೆಲ ಅಗೆದಾಗ ಸುಮಾರು ಕ್ರಿ.ಶ. 230ರ ಪ್ರಾರ್ಥನಾಗೃಹದ ಚಿತ್ರನೆಲ ಸಿಕ್ಕಿತು. ಬಣ್ಣದ ಸಣ್ಣ ಕಲ್ಲುಗಳನ್ನು ಜೋಡಿಸಿದ ನೆಲದಲ್ಲಿ ಮೀನಿನ ಚಿತ್ರ, ಮೂರು ಗ್ರೀಕ್ ಬರಹ. ಒಂದರಲ್ಲಿ ನೆಲ ಹಾಸಿಸಿದ ರೋಮನ್ ಸೇನಾಧಿಕಾರಿ ಗಾಯಾನನ ಹೆಸರಿದೆ. ಇನ್ನೊಂದರಲ್ಲಿ, ದೇವಪ್ರಿಯಳಾದ ಅಕೆಪ್ತೂಸ್ ದೇವನಾದ ಯೇಸು ಕ್ರಿಸ್ತನಿಗೆ ಸ್ಮರಣಾರ್ಥವಾಗಿ ಮೇಜನ್ನು ಅರ್ಪಿಸಿದಳು ಎಂದಿದೆ. ಮತ್ತೊಂದರಲ್ಲಿ ನಾಲ್ವರು ಹೆಂಗಸರನ್ನು ನೆನೆಯಿರಿ ಎಂಬ ಕೋರಿಕೆ: ಪ್ರಿಮಿಲ್ಲ, ಕುರಿಯಾಕ, ದೊರೊಥೇಯ, ಕ್ರೆಸ್ತೆ. ಆ ಮೇಜಿನ ಸುತ್ತ ಸಭೆಯವರು ರೊಟ್ಟಿ ಹಂಚಿ ತಿಂದಿರಬೇಕು. ಯೇಸುವನ್ನು ದೇವರೆಂದು ಹೇಳುವ ಅತ್ಯಂತ ಹಳೆಯ ಕಟ್ಟಡ ಶಾಸನಗಳಲ್ಲಿ ಒಂದು ನಮಗೆ ಸಿಕ್ಕಿರುವುದು ಹೆಂಗಸೊಬ್ಬಳ ದೇಣಿಗೆಯ ರಸೀತಿಯಾಗಿ.

ಆ ಹೊತ್ತಿಗಾಗಲೇ ಬಾಗಿಲು ಮುಚ್ಚುತ್ತ ಬಂದಿತ್ತು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರ ಹೆಂಗಸು ಉಪದೇಶಿಸಬಾರದು ಎನ್ನುತ್ತದೆ. ಅದು ಪೌಲನ ಹೆಸರಿನಲ್ಲಿದ್ದರೂ ಅವನ ನಂತರದ್ದೆಂದು ಇಂದಿನ ಹೆಚ್ಚಿನ ವಿದ್ವಾಂಸರು ತಿಳಿಯುತ್ತಾರೆ. 60 ವರ್ಷ ತುಂಬಿದ ವಿಧವೆಯರ ಹೆಸರನ್ನಷ್ಟೆ ಪಟ್ಟಿಗೆ ಸೇರಿಸಿ ಎಂಬ ನಿಯಮವೂ ಅಲ್ಲಿದೆ. ಮೂರನೆಯ ಶತಮಾನದ ಸಿರಿಯದಲ್ಲಿ ಬರೆದ ದಿದಸ್ಕಾಲಿಯ ಎಂಬ ಸಭಾನಿಯಮಗಳ ಗ್ರಂಥ ವಿಧವೆಯನ್ನು ದೇವರ ಬಲಿಪೀಠಕ್ಕೆ ಹೋಲಿಸುತ್ತದೆ. ಎಷ್ಟು ದೊಡ್ಡ ಗೌರವ ಎಂದುಕೊಳ್ಳುವಷ್ಟರಲ್ಲಿ, ಬಲಿಪೀಠ ಇದ್ದಲ್ಲೇ ಇರುತ್ತದೆ, ಅಲೆದಾಡುವುದಿಲ್ಲ, ಆದ್ದರಿಂದ ವಿಧವೆಯೂ ಮನೆಯಲ್ಲೇ ಕೂರಲಿ ಎನ್ನುತ್ತದೆ. ಹೊಗಳಿಕೆಯಿಂದಲೇ ಕಾಲು ಕಟ್ಟುವ ಈ ಜಾಣತನ ನನಗೆ ಸಿಟ್ಟು ತರಿಸುತ್ತದೆ. 251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯ ತನ್ನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿದೆ ಎಂದು ಬರೆದ. ಅದು ದೊಡ್ಡ ಕರುಣೆಯ ಕೆಲಸ, ಅನುಮಾನವಿಲ್ಲ. ಆದರೆ ಪಟ್ಟಿಯಲ್ಲಿ ಹೆಂಗಸು ಈಗ ಪಡೆಯುವವಳು, ಕೊಡುವವನು ಬಿಷಪ್. ಹಣದ ಪೆಟ್ಟಿಗೆ ಅವನ ಕೈಗೆ ಬಂದಿತ್ತು.

ಹೀಗೆ ಹೆಂಗಸರ ಕೈತಪ್ಪಿದ ಫೊಯಿಬೆಯ ಹುದ್ದೆಯ ವಾದ ಇಂದಿಗೂ ಮುಗಿದಿಲ್ಲ. ಕಥೋಲಿಕ ಸಭೆ ಮಹಿಳಾ ಡೀಕನ್‌ಗಳ ಪ್ರಶ್ನೆ ಪರಿಶೀಲಿಸಲು 2016ರಲ್ಲೂ 2020ರಲ್ಲೂ ಆಯೋಗ ನೇಮಿಸಿತು. ಕರ್ನಾಟಕವೂ ಸೇರಿದ ದಕ್ಷಿಣ ಭಾರತ ಸಭೆ ಬೇರೆ ದಾರಿ ಹಿಡಿದು, 2013ರಲ್ಲಿ ನಂದ್ಯಾಲಕ್ಕೆ ತನ್ನ ಮೊದಲ ಮಹಿಳಾ ಬಿಷಪರನ್ನು ನೇಮಿಸಿತು.

ಮತ್ತೆ ಹಳೆಯ ಕಾಲಕ್ಕೆ ಮರಳಿ, ನಾಲ್ಕನೆಯ ಶತಮಾನದ ಕೊನೆಯ ರೋಮಿನ ಇಬ್ಬರು ಹೆಂಗಸರನ್ನು ಹೇಳದೆ ಮುಗಿಸಲಾರೆ. ಪೌಲಾ ಎಂಬ ಹೆಸರಿನ ಶ್ರೀಮಂತ ವಿಧವೆ 385ರಲ್ಲಿ ರೋಮ್ ಬಿಟ್ಟು, ಬೆತ್ಲೆಹೇಮಿನಲ್ಲಿ ಮಠಗಳನ್ನು ಕಟ್ಟಿಸಿದಳು. ಬೈಬಲನ್ನು ಲ್ಯಾಟಿನಿಗೆ ತಂದ ಜೆರೋಮ್ ಅಲ್ಲಿ ಕೂತು ಕೆಲಸಮಾಡಿದ. ಪೌಲಾ ಹೀಬ್ರೂ ಕಲಿತು ಅವನ ಜೊತೆ ಓದಿದಳು. 404ರಲ್ಲಿ ಅವಳು ತೀರಿಕೊಂಡಾಗ ಮಗಳಿಗೆ ಬಿಟ್ಟದ್ದು ಒಂದು ಕಾಸೂ ಇಲ್ಲ, ದೊಡ್ಡ ಸಾಲ ಎಂದು ಜೆರೋಮನೇ ಬರೆದಿದ್ದಾನೆ.

ಇನ್ನೊಬ್ಬಳು ಮಾರ್ಸೆಲ್ಲ. ಮದುವೆಯಾದ ಏಳನೆಯ ತಿಂಗಳಿಗೆ ಗಂಡ ಸತ್ತ. ಅವೆಂಟೈನ್ ಗುಡ್ಡದ ಮೇಲಿನ ತನ್ನ ಮನೆಯನ್ನು ಹೆಂಗಸರ ಓದಿನ ಮನೆಯಾಗಿ ಮಾಡಿದಳು. ಜೆರೋಮ್ ರೋಮಿನಲ್ಲಿದ್ದಾಗ ಅವನನ್ನು ಪ್ರಶ್ನೆ ಕೇಳದೆ ಬಿಟ್ಟ ದಿನವಿಲ್ಲ. ಅವನ ಉತ್ತರವನ್ನು ಸುಮ್ಮನೆ ಒಪ್ಪಿದವಳೂ ಅಲ್ಲ. ಅವನು ಹೊರಟುಹೋದ ಮೇಲೆ ಶಾಸ್ತ್ರದ ಬಗ್ಗೆ ವಾದ ಬಂದರೆ ಜನ ಅವಳ ಬಳಿಗೆ ಹೋಗುತ್ತಿದ್ದರು, ಪಾದ್ರಿಗಳೂ ಕೂಡ. ಅವಳು ಉತ್ತರ ಹೇಳುತ್ತಿದ್ದಳು. ಆದರೆ ತನ್ನ ಸ್ವಂತ ಅಭಿಪ್ರಾಯವನ್ನೂ ಇದು ಜೆರೋಮನದು, ಇದು ಇನ್ನೊಬ್ಬರದು ಎಂದು ಹೇಳುತ್ತಿದ್ದಳು, ಗಂಡಸರಿಗೆ ಹೆಂಗಸು ಕಲಿಸಿದಂತೆ ಕಾಣಬಾರದೆಂದು. ಜೆರೋಮ್ ಇದನ್ನು ಅವಳ ವಿವೇಕವೆಂದು ಮೆಚ್ಚಿ ಬರೆದ. ಪ್ರಿಸ್ಕ ಅಪೊಲ್ಲೋಸನನ್ನು ತಿದ್ದಿದ್ದಕ್ಕೆ ಇಂಥ ಮರೆ ಬೇಕಾಗಿರಲಿಲ್ಲ.

ಜೆರೋಮ್ ಮಾರ್ಸೆಲ್ಲಳಿಗೆ ಬರೆದ ಹಲವು ಪತ್ರಗಳು ಉಳಿದಿವೆ. ಅವಳು ಬರೆದದ್ದು ಒಂದೂ ಉಳಿದಿಲ್ಲ. ಆದರೆ ದೇವರ ಹತ್ತು ಹೆಸರುಗಳು ಯಾವುವು, ಆಮೆನ್ ಹಲ್ಲೆಲೂಯಗಳನ್ನು ಹೀಬ್ರೂವಿನಲ್ಲೇ ಯಾಕೆ ಬಿಟ್ಟಿದ್ದಾರೆ ಎಂಬ ಅವಳ ಪ್ರಶ್ನೆಗಳು ಅವನ ಉತ್ತರಗಳ ಒಳಗೇ ಇವೆ. ಈ ಸಭೆಯಲ್ಲಿರುವ ಸಂಶೋಧನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಆ ಪತ್ರಗಳನ್ನು ಪ್ರಶ್ನೆಯ ಕಡೆಯಿಂದ ಓದಿ. ಅವಳು ಎಲ್ಲಿ ಒಪ್ಪಲಿಲ್ಲ, ಎಲ್ಲಿ ಮತ್ತೆ ಕೇಳಿದಳು, ಎಲ್ಲಿ ಅವನು ಮಾತು ಬದಲಿಸಬೇಕಾಯಿತು ಎಂದು ಗುರುತು ಹಾಕುತ್ತ ಹೋಗಿ. ಅದನ್ನು ಕನ್ನಡದಲ್ಲಿ ಬರೆಯಿರಿ.